ಮೊದಲ ಮಳೆಗೆ ಹೈವೇ ಯಾಕೆ ಇಷ್ಟು ಜಾರುತ್ತದೆ? ರಸ್ತೆ ನುಣ್ಣಗಿದೆ, ಟೈರ್ ಹೊಸದು, ಆದರೂ ಹಿಡಿತ ಇಲ್ಲ

ಸಿದ್ಧರಬೆಟ್ಟ_ರೈಡರ್ (ಪ್ರಶ್ನೆ)

ತುಮಕೂರು–ಸಿರಾ ಕಡೆ ದಿನಾ ಓಡಾಡುವವರು, ಇಲ್ಲಾ ರಸ್ತೆ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ನಾನು ವಸಂತನರಸಾಪುರದ ಕಡೆ ಕೆಲಸಕ್ಕೆ ಬೈಕಿನಲ್ಲಿ ಹೋಗಿ ಬರುತ್ತೇನೆ. ಶಿಫ್ಟ್ ಇರುವುದರಿಂದ ರಾತ್ರಿ ಹೊತ್ತೂ ಓಡಾಟ ಇರುತ್ತದೆ. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಯುಗಾದಿ ಕಳೆದು ಮೊದಲ ಮಳೆ ಬಿದ್ದರೆ ಮಾತ್ರ ಭಯ. ದಾರಿಯಲ್ಲಿ ಒಂದು ತಿರುವು ಇದೆ, ಅಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಸರಿಯುತ್ತದೆ. ಅದೂ ಜೋರು ಮಳೆಯಲ್ಲಿ ಅಲ್ಲ, ಸುಮ್ನೆ ನಾಲ್ಕು ಹನಿ ಉದುರಿದಾಗಲೇ ಜಾಸ್ತಿ. ಟೈರ್ ಹೊಸದು, ಗಾಳಿ ಸರಿಯಾಗಿದೆ, ಎಬಿಎಸ್ ಕೂಡ ಇದೆ. ನಮ್ಮ ಜೊತೆ ಕೆಲಸ ಮಾಡುವ ಹುಡುಗ ಅದೇ ಜಾಗದಲ್ಲಿ ಬಿದ್ದು ಕೈ ಮುರಿದುಕೊಂಡ.

ನನಗೆ ಅರ್ಥ ಆಗದೇ ಇರುವುದು ಇದು. ಅಲ್ಲಿ ಗುಂಡಿ ಇಲ್ಲ, ಬಿರುಕು ಇಲ್ಲ. ನೋಡೋಕೆ ಇಡೀ ದಾರಿಯಲ್ಲಿ ಅದೇ ಚೆನ್ನಾಗಿರುವ ತುಂಡು. ಕಪ್ಪಗೆ, ನುಣ್ಣಗೆ ಇದೆ, ಮಧ್ಯಾಹ್ನ ಬಿಸಿಲಿಗೆ ಹೊಳೆಯುತ್ತದೆ. ಚಕ್ರ ಓಡುವ ಎರಡು ಪಟ್ಟಿ ಇನ್ನೂ ಜಾಸ್ತಿ ಹೊಳೆಯುತ್ತವೆ. ಇಷ್ಟು ಒಳ್ಳೆಯ ರಸ್ತೆ ಯಾಕೆ ಜಾರಬೇಕು? ಹೇಳಿದರೆ "ರಸ್ತೆ ಚೆನ್ನಾಗೇ ಇದೆಯಲ್ಲ, ನಿಧಾನಕ್ಕೆ ಹೋಗಿ" ಅನ್ನುತ್ತಾರೆ. ಏನು ಅಂತ ಬರೆದು ದೂರು ಕೊಡಬೇಕು?

ಗುಬ್ಬಿ_ಗ್ಯಾರೇಜ್

ಹೊಸ ಟೈರ್ ಅಂದಿರಲ್ಲ, ಎಷ್ಟು ಹೊಸದು? ಅಚ್ಚಿನಿಂದ ಬಂದ ಟೈರಿನ ಮೇಲೆ ಒಂದು ನುಣುಪು ಪದರ ಇರುತ್ತದೆ, ಸ್ವಲ್ಪ ದಿನ ಓಡಿಸಿ ಅದು ಸವೆಯುವ ತನಕ ಹಿಡಿತ ಕಡಿಮೆನೇ. ತಿರುವಿನಲ್ಲಿ ಬೈಕ್ ಮಲಗುವಾಗ ನೆಲಕ್ಕೆ ತಾಗುವುದು ಟೈರಿನ ಅಂಚು, ಅಲ್ಲಿ ಆ ಪದರ ಬೇಗ ಹೋಗುವುದಿಲ್ಲ. ಇನ್ನೊಂದು, ಗಾಳಿ ಜಾಸ್ತಿ ತುಂಬಿಸಬೇಡಿ. ಕಂಪನಿ ಹೇಳಿದ ಲೆಕ್ಕಕ್ಕಿಂತ ಮೇಲೆ ಹೋದರೆ ನೆಲಕ್ಕೆ ತಾಗುವ ಜಾಗ ಕಡಿಮೆ ಆಗುತ್ತದೆ. ನನ್ನ ಪ್ರಕಾರ ಮೊದಲು ಟೈರ್ ನೋಡಿ, ಆಮೇಲೆ ರಸ್ತೆ.

ಜಲ್ಲಿ_ಲ್ಯಾಬ್

ಟೈರಿನ ಮಾತು ಸರಿ, ಆದರೆ ಅದೇ ಟೈರ್ ಬೇರೆ ಕಡೆ ಜಾರುತ್ತಿಲ್ಲ, ಒಂದೇ ಜಾಗದಲ್ಲಿ ಜಾರುತ್ತಿದೆ, ಬೇರೆಯವರೂ ಅಲ್ಲೇ ಬಿದ್ದಿದ್ದಾರೆ. ಹಾಗಾದರೆ ರಸ್ತೆಯನ್ನೇ ನೋಡಬೇಕು. ನಾನು ರಸ್ತೆ ಕೆಲಸದ ಲ್ಯಾಬಿನಲ್ಲಿ ಇದ್ದೇನೆ, ಜಲ್ಲಿ ಮತ್ತು ಡಾಂಬರು ಪರೀಕ್ಷೆ ಮಾಡುವುದೇ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಓದಿ.

"ನುಣ್ಣಗಿದೆ, ಹೊಳೆಯುತ್ತದೆ, ಆದರೂ ಜಾರುತ್ತದೆ" ಅಂತ ಬರೆದಿದ್ದೀರಿ. ಹೊಳೆಯುವುದರಿಂದಲೇ ಜಾರುತ್ತದೆ. ನಮ್ಮ ಜನರಿಗೆ ಒಳ್ಳೆ ರಸ್ತೆ ಅಂದರೆ ನುಣ್ಣಗಿರುವ ರಸ್ತೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಗುಂಡಿ ಇರಬಾರದು, ಕುಲುಕಬಾರದು, ಅದು ಸರಿ. ಆದರೆ ಮೇಲ್ಮೈ ನುಣ್ಣಗಿರಬಾರದು. ಅಲ್ಲಿ ಎರಡು ಥರದ ಒರಟುತನ ಬೇಕು.

ಒಂದು, ಪ್ರತಿ ಜಲ್ಲಿಕಲ್ಲಿನ ಮುಖದ ಮೇಲೆ ಇರುವ ಸಣ್ಣ ತರಿ. ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಬೆರಳಿಗೆ ಗೊತ್ತಾಗುತ್ತದೆ. ನೀರಿನ ತೆಳು ಪದರವನ್ನು ಚುಚ್ಚಿಕೊಂಡು ಹೋಗಿ ರಬ್ಬರನ್ನು ಮುಟ್ಟುವುದು ಇದು. ಇನ್ನೊಂದು, ಕಲ್ಲು ಕಲ್ಲಿನ ನಡುವೆ ಇರುವ ಸಂದು. ಟೈರಿನ ಕೆಳಗಿನ ನೀರು ಪಕ್ಕಕ್ಕೆ ಹರಿದು ಹೋಗೋದು ಆ ಸಂದಿನಲ್ಲಿ. ಕಡಿಮೆ ವೇಗದಲ್ಲಿ ಮೊದಲನೆಯದು ಕಾಪಾಡುತ್ತದೆ. ವೇಗ ಏರಿದ ಹಾಗೆ ಎರಡನೆಯದೂ ಬೇಕೇ ಬೇಕು, ಯಾಕೆಂದರೆ ನೀರು ಜಾಗ ಬಿಡೋಕೆ ಸಮಯವೇ ಇರುವುದಿಲ್ಲ.

ಈಗ ನಿಮ್ಮ ತಿರುವು. ಅಲ್ಲಿ ಎರಡರಲ್ಲಿ ಒಂದು ಆಗಿರಬಹುದು.

ಮೊದಲನೆಯದು ಕಲ್ಲು ಸವೆದಿರುವುದು. ಲಾರಿ ಟೈರುಗಳು ಧೂಳಿನ ಜೊತೆ ಸೇರಿ ಕಲ್ಲನ್ನು ದಿನಾ ಉಜ್ಜುತ್ತವೆ. ಹಿಂದೆ ಮನೆಯ ರುಬ್ಬುಕಲ್ಲು ನುಣುಪಾಗಿ ಹಿಟ್ಟು ಸರಿಯಾಗಿ ಬರದಿದ್ದರೆ ಉಳಿಯಿಂದ ಮುಳ್ಳು ಹೊಡೆಸುತ್ತಿದ್ದರು ಅಲ್ವಾ, ರಸ್ತೆಯ ಕಲ್ಲಿಗೂ ಅದೇ ಗತಿ, ಆದರೆ ಮುಳ್ಳು ಹೊಡೆಸುವವರು ಯಾರೂ ಬರುವುದಿಲ್ಲ. ತಿರುವಿನಲ್ಲಿ, ಬ್ರೇಕ್ ಹಾಕುವ ಜಾಗದಲ್ಲಿ, ಟೋಲ್ ಹತ್ತಿರ ಬೇಗ ಸವೆಯುತ್ತದೆ, ಅಲ್ಲಿ ಟೈರ್ ಉರುಳುವುದರ ಜೊತೆ ಉಜ್ಜುತ್ತದೆ ಕೂಡ. ಎಲ್ಲಾ ಕಲ್ಲೂ ಒಂದೇ ಥರ ಸವೆಯುವುದಿಲ್ಲ. ಸುಣ್ಣದ ಕಲ್ಲು ಬಹಳ ಬೇಗ ಕನ್ನಡಿ ಆಗುತ್ತದೆ. ನಮ್ಮ ತುಮಕೂರು, ಚಿಕ್ಕಬಳ್ಳಾಪುರದ ಕ್ರಷರ್‌ಗಳಲ್ಲಿ ಬರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಕಲ್ಲು. ಇದರಲ್ಲಿ ಗಟ್ಟಿ ಕ್ವಾರ್ಟ್ಜ್ ಇದೆ, ಅದಕ್ಕಿಂತ ಮೆದು ಫೆಲ್ಡ್‌ಸ್ಪಾರ್ ಇದೆ, ಮಧ್ಯೆ ಅಭ್ರಕ ಇದೆ. ಮೆದುವಾದದ್ದು ಮೊದಲು ಸವೆದು ಗಟ್ಟಿಯದ್ದು ಮೇಲೆ ನಿಲ್ಲುವುದರಿಂದ ಸ್ವಲ್ಪ ತರಿ ಉಳಿಯುತ್ತದೆ. ಹಾಗಂತ ಎಲ್ಲಾ ಕ್ವಾರಿಯ ಕಲ್ಲೂ ಒಂದೇ ಅಲ್ಲ. ಅದಕ್ಕೇ ಕಲ್ಲಿನ ಪಾಲಿಶ್ ಮೌಲ್ಯ ಅಂತ ಒಂದು ಪರೀಕ್ಷೆ ಇದೆ. ಕಲ್ಲಿನ ತುಂಡುಗಳನ್ನು ಚಕ್ರಕ್ಕೆ ಕೂರಿಸಿ, ಅದರ ಮೇಲೆ ಟೈರ್ ಓಡಿಸಿ, ಪುಡಿ ಹಾಕಿ ಗಂಟೆಗಟ್ಟಲೆ ಉಜ್ಜಿ, ಆಮೇಲೆ ಎಷ್ಟು ಹಿಡಿತ ಉಳಿದಿದೆ ಅಂತ ಅಳೆಯುತ್ತಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮದಲ್ಲಿ ಮೇಲಿನ ಪದರದ ಬಿಟುಮಿನಸ್ ಕಾಂಕ್ರೀಟಿಗೆ (ಡಾಂಬರು ಮತ್ತು ಜಲ್ಲಿಯ ಮಿಶ್ರಣ) ಇದು ಕನಿಷ್ಠ 55 ಇರಬೇಕು. ಕಲ್ಲು ಗಟ್ಟಿ ಇದೆಯಾ ಅಂತ ಎಲ್ಲರೂ ನೋಡುತ್ತಾರೆ. ಗಟ್ಟಿ ಇರುವುದು ಬೇರೆ, ನುಣುಪಾಗದೆ ಇರುವುದು ಬೇರೆ.

ಎರಡನೆಯದು ಡಾಂಬರು ಮೇಲೆ ಬಂದಿರುವುದು. ಸೈಟಿನಲ್ಲಿ ಬ್ಲೀಡಿಂಗ್ ಅಂತೀವಿ. ಡಾಂಬರು ಜಾಸ್ತಿ ಬಿದ್ದಿದ್ದರೆ, ಇಲ್ಲಾ ಒಳಗೆ ಗಾಳಿಗೆ ಬಿಡಬೇಕಾದ ಜಾಗ ಕಡಿಮೆ ಆಗಿದ್ದರೆ, ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗುತ್ತದೆ, ಲಾರಿ ಒತ್ತಿದಾಗ ಬೇರೆ ಕಡೆ ಹೋಗೋಕೆ ಜಾಗ ಇಲ್ಲದೆ ಮೇಲಕ್ಕೆ ಏಳುತ್ತದೆ. ಕಲ್ಲಿನ ತರಿಯೂ ಮುಚ್ಚಿತು, ಸಂದೂ ಮುಚ್ಚಿತು. ಕಪ್ಪಗೆ ಹೊಳೆಯುತ್ತದೆ ಅಂದಿರಿ ನೋಡಿ, ಅದಕ್ಕೆ ನನಗೆ ಇದರ ಮೇಲೇ ಅನುಮಾನ ಜಾಸ್ತಿ.

ಮೂರನೆಯ ಸಾಧ್ಯತೆಯೂ ಇದೆ, ಈಚೆಗೆ ಹೊಸ ಪದರ ಹಾಕಿದ್ದರೆ. ಹೊಸ ಡಾಂಬರಿನಲ್ಲಿ ಕಲ್ಲಿನ ಮೇಲೆ ತೆಳುವಾದ ಡಾಂಬರಿನ ಸಿಪ್ಪೆ ಇರುತ್ತದೆ, ಗಾಡಿ ಓಡಾಡಿ ಸವೆಯುವ ತನಕ ಮಳೆಯಲ್ಲಿ ಜಾರುತ್ತದೆ. ಅದು ತಾನಾಗೇ ಸರಿಹೋಗುತ್ತದೆ.

ಇನ್ನು ನಾಲ್ಕು ಹನಿಗೇ ಯಾಕೆ ಜಾಸ್ತಿ? ತಿಂಗಳುಗಟ್ಟಲೆ ಬೇಸಿಗೆಯಲ್ಲಿ ಧೂಳು, ಟೈರಿನ ರಬ್ಬರ್ ಪುಡಿ, ಲಾರಿಗಳ ಎಣ್ಣೆ ಎಲ್ಲಾ ರಸ್ತೆ ಮೇಲೆ ಕೂತಿರುತ್ತದೆ. ಸ್ವಲ್ಪ ನೀರು ಬಿದ್ದರೆ ಅದು ಕೊಚ್ಚಿ ಹೋಗುವುದಿಲ್ಲ, ಕಲಸಿ ಲೇಪ ಆಗುತ್ತದೆ. ಭರಣಿ ಮಳೆಯ ಮೊದಲ ಹತ್ತು ಹದಿನೈದು ನಿಮಿಷ ಆಮೇಲಿನ ಜೋರು ಮಳೆಗಿಂತ ಕೆಟ್ಟದ್ದಾಗುವುದು ಇದಕ್ಕೇ. ಅದರ ಜೊತೆ ನಮ್ಮ ಕಡೆ ಬೇಸಿಗೆಯಲ್ಲಿ ಕೆರೆಯಿಂದ ಹೊಲಕ್ಕೆ ಗೋಡು ಹೊಡೆಯುತ್ತಾರೆ. ಟ್ರ್ಯಾಕ್ಟರ್ ಚಕ್ರಕ್ಕೆ ಮೆತ್ತಿಕೊಂಡ ಜೇಡಿ ರಸ್ತೆಗೆ ಬಿದ್ದು, ಒಣಗಿ, ಪುಡಿಯಾಗಿ ಕಾಯುತ್ತಿರುತ್ತದೆ.

ಲೋಡ್_ಕೋಲಾರ

ಮೇಲಿನವರು ಚೆನ್ನಾಗಿ ಹೇಳಿದರು. ನಾನು ಕೋಲಾರ ಎಪಿಎಂಸಿಯಿಂದ ಟೊಮೆಟೊ ಲೋಡ್ ಹೊಡೆಯುವ ಡ್ರೈವರ್. ಎನ್‌ಎಚ್ 75ರಲ್ಲಿ ಮುಳಬಾಗಿಲು ಕಡೆಯೂ ಹೋಗುತ್ತೇನೆ, 48ರಲ್ಲಿ ನಿಮ್ಮ ಸಿರಾ ಕಡೆಯೂ ಬರುತ್ತೇನೆ. ಟೊಮೆಟೊ ಸೀಸನ್ನಿನಲ್ಲಿ ಕ್ರೇಟಿನಿಂದ ಬಿದ್ದ ಹಣ್ಣು ಚಕ್ರಕ್ಕೆ ಸಿಕ್ಕಿ ಜಜ್ಜಿದರೆ ಆ ಜಾಗ ಒಣಗಿದ್ದಾಗಲೂ ಜಾರುತ್ತದೆ. ಇನ್ನು ಡೀಸೆಲ್. ಟ್ಯಾಂಕ್ ಬಾಯಿ ತನಕ ತುಂಬಿಸಿ, ಮುಚ್ಚಳ ಸರಿಯಾಗಿ ಹಾಕದ ಗಾಡಿ ತಿರುವಿನಲ್ಲಿ ವಾಲಿದರೆ ಅಲ್ಲೇ ಚೆಲ್ಲುತ್ತದೆ. ಅದಕ್ಕೇ ಡೀಸೆಲ್ ಕಲೆ ತಿರುವಿನಲ್ಲೇ ಜಾಸ್ತಿ ಕಾಣುವುದು. ಮಳೆಯಲ್ಲಿ ರಸ್ತೆ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಬೈಕಿನವರು ದಯವಿಟ್ಟು ಅದರ ಮೇಲೆ ಬ್ರೇಕೂ ಹಾಕಬೇಡಿ, ಹ್ಯಾಂಡಲ್ಲೂ ತಿರುಗಿಸಬೇಡಿ.

ಸುಗ್ಗಿ ಸಮಯದಲ್ಲಿ ಒಳಗಿನ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡುತ್ತಾರೆ, ಗಾಡಿ ಓಡಲಿ, ಕಾಳು ಉದುರಲಿ ಅಂತ. ರೈತರ ಕಷ್ಟ ನನಗೂ ಗೊತ್ತು, ಕಣ ಇಲ್ಲ, ಆಳು ಸಿಗುವುದಿಲ್ಲ. ಆದರೆ ಹುರುಳಿ ಸೊಪ್ಪಿನ ಮೇಲೆ ಬೈಕ್ ಬಂದರೆ ಅದಕ್ಕೆ ರಸ್ತೆಯೇ ಸಿಗುವುದಿಲ್ಲ. ರಾತ್ರಿ ಹೊತ್ತಾದರೂ ಬಳಿದು ಪಕ್ಕಕ್ಕೆ ಹಾಕಿದರೆ ಎಷ್ಟೋ ಜನ ಉಳಿಯುತ್ತಾರೆ.

ಎಬಿಎಸ್ ಇದೆ ಅಂತ ಧೈರ್ಯ ಬೇಡ. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ ಅಷ್ಟೇ. ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರುತ್ತದೆ?

ಸಿದ್ಧರಬೆಟ್ಟ_ರೈಡರ್

ಎಲ್ಲರಿಗೂ ಥ್ಯಾಂಕ್ಸ್. ಜಲ್ಲಿ ಲ್ಯಾಬ್ ಅವರೇ, ಕಲ್ಲು ಸವೆದಿದೆಯೋ ಡಾಂಬರು ಎದ್ದಿದೆಯೋ ಅಂತ ನಾನೇ ನೋಡಿ ತಿಳಿಯಬಹುದಾ? ಮತ್ತೆ ನಾನು ಅಲ್ಲಿ ಬಹಳ ಜೋರಾಗೇನೂ ಹೋಗುವುದಿಲ್ಲ, ಎಲ್ಲರ ಜೊತೆ ಹೋಗುವ ವೇಗವೇ. ತಿರುವು ಅಷ್ಟೊಂದು ಚೂಪಾಗಿಯೂ ಇಲ್ಲ.

ಜಲ್ಲಿ_ಲ್ಯಾಬ್

ನೋಡಬಹುದು, ಆದರೆ ಓಡುವ ಲೇನಿಗೆ ಇಳಿಯಬೇಡಿ. ಅಂಚಿನಲ್ಲಿ ನಿಂತೇ ತಿಳಿಯುತ್ತದೆ. ಚಕ್ರದ ಪಟ್ಟಿಯಲ್ಲಿ ಕಲ್ಲಿನ ಮುಖ ಒಂದೊಂದಾಗಿ ಕಾಣುತ್ತಿದ್ದು, ಬೂದು ಬಣ್ಣದಲ್ಲಿ ಮಿನುಗುತ್ತಿದ್ದರೆ ಕಲ್ಲು ಸವೆದಿದೆ. ಕಲ್ಲೇ ಕಾಣದೆ ಇಡೀ ಪಟ್ಟಿ ಕಪ್ಪಗೆ ಒಂದೇ ಸಮ ಇದ್ದು, ಮಧ್ಯಾಹ್ನ ಟೈರಿನ ಅಚ್ಚು ಅದರಲ್ಲಿ ಮೂಡುತ್ತಿದ್ದರೆ ಡಾಂಬರು ಎದ್ದಿದೆ. ಆಮೇಲೆ ಚಕ್ರ ಹೋಗದ ಅಂಚಿನ ಭಾಗವನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ತರಿ ತರಿ ಸಿಗುತ್ತದೆ. ಹಾಕಿದಾಗ ಇಡೀ ರಸ್ತೆ ಹಾಗೆ ಇತ್ತು ಅಂತ ಅರ್ಥ.

ಸಂದಿನ ಆಳ ಅಳೆಯೋಕೆ ಒಂದು ಸರಳ ಪರೀಕ್ಷೆ ಇದೆ, ಲ್ಯಾಬಿನವರೂ ಮಾಡುವುದು ಅದನ್ನೇ. ಗಾಡಿ ಓಡಾಟ ಇಲ್ಲದ, ಒಣಗಿದ ಜಾಗದಲ್ಲಿ ಬ್ರಷ್ಷಿನಿಂದ ಗುಡಿಸಿ, ಅಳತೆ ಮಾಡಿದ ನಯ ಮರಳು ಸುರಿದು, ಚಪ್ಪಟೆ ಬಿಲ್ಲೆಯಿಂದ ಗುಂಡಗೆ ಸವರುತ್ತಾ ಹೋಗುವುದು. ಮರಳು ಸಂದುಗಳಲ್ಲಿ ಇಳಿದು ಮೇಲೆ ಸಮ ಆದಾಗ ಆ ವೃತ್ತದ ಅಡ್ಡಳತೆ ತೆಗೆದುಕೊಳ್ಳುತ್ತಾರೆ. 25 ಮಿಲಿಲೀಟರ್ ಮರಳು 20 ಸೆಂಟಿಮೀಟರ್ ಅಗಲಕ್ಕೆ ಹರಡಿದರೆ ಸಂದಿನ ಸರಾಸರಿ ಆಳ ಸುಮಾರು 0.8 ಮಿಲಿಮೀಟರ್. ಅದೇ ಮರಳು 30 ಸೆಂಟಿಮೀಟರ್ ತನಕ ಹೋದರೆ ಆಳ 0.35 ಮಾತ್ರ. ಅಂದರೆ ಮರಳು ದೂರ ಹರಡಿದಷ್ಟೂ ರಸ್ತೆ ನುಣುಪು. ಸರ್ವಿಸ್ ರಸ್ತೆಯಲ್ಲಿ ಮಾಡಿ ನೋಡಿ, ಅಂದಾಜು ಸಿಗುತ್ತದೆ. ಹೈವೇ ಮೇಲೆ ಮಾತ್ರ ಬೇಡವೇ ಬೇಡ.

ಈಗ ವೇಗದ ವಿಷಯ. ರಸ್ತೆ ವಿನ್ಯಾಸಕ್ಕೆ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ತಿರುವು ಮಾಡುವಾಗ ರಸ್ತೆಯನ್ನು ಒಳಗಡೆಗೆ ಹೆಚ್ಚೆಂದರೆ ಶೇ 7ರಷ್ಟು ವಾಲಿಸಿ, ಪಕ್ಕದ ಹಿಡಿತ 0.15 ಅಂತ, ಅಂದರೆ ಟೈರಿನ ಮೇಲಿನ ಭಾರದ ಶೇ 15ರಷ್ಟು ಬಲ ಅಂತ ಹಿಡಿಯುತ್ತಾರೆ. ಆ ಲೆಕ್ಕಕ್ಕೆ 80 ಕಿಲೋಮೀಟರ್ ವೇಗಕ್ಕೆ 230 ಮೀಟರ್ ತ್ರಿಜ್ಯದ ತಿರುವು ಸಾಕು. ಅದೇ ತಿರುವಿನಲ್ಲಿ 100ರಲ್ಲಿ ಹೋದರೆ ಬೇಕಾಗುವ ಹಿಡಿತ 0.27ರ ಹತ್ತಿರ. ವೇಗ ಕಾಲು ಭಾಗ ಏರಿತು, ಬೇಕಾದ ಹಿಡಿತ ಹೆಚ್ಚುಕಡಿಮೆ ಎರಡರಷ್ಟು ಆಯಿತು. ಒಣಗಿದ ರಸ್ತೆ ಇದನ್ನು ಆರಾಮಾಗಿ ಕೊಡುತ್ತದೆ, ಅದಕ್ಕೇ ಬೇಸಿಗೆಯಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಒದ್ದೆಯಾದ, ಡಾಂಬರು ಎದ್ದ ಪಟ್ಟಿ ಕೊಡುವುದಿಲ್ಲ. ಅಷ್ಟರಲ್ಲಿ ಬ್ರೇಕ್ ಮುಟ್ಟಿದಿರೋ, ಇರುವ ಹಿಡಿತವನ್ನೇ ತಿರುಗೋಕೂ ನಿಲ್ಲೋಕೂ ಹಂಚಬೇಕು. ಹಿಂದಿನ ಚಕ್ರ ಸರಿಯುವುದು ಆಗ.

ನೇರ ರಸ್ತೆಯ ಲೆಕ್ಕವೂ ಹೇಳಿಬಿಡುತ್ತೇನೆ. 80ರಲ್ಲಿ ಹೋಗುವಾಗ ಬರೀ ಬ್ರೇಕ್ ಹಾಕಿದ ಮೇಲಿನ ದೂರ, ಹಿಡಿತ 0.7 ಇರುವ ಒಣ ರಸ್ತೆಯಲ್ಲಿ 36 ಮೀಟರ್. 0.35ಕ್ಕೆ ಇಳಿದರೆ 72. 0.2ಕ್ಕೆ ಇಳಿದರೆ 126. ಇದಕ್ಕೆ ನಾವು ನೋಡಿ, ತಿಳಿದು, ಕಾಲು ಇಡುವ ಸಮಯ ಸೇರಿಸಿ. ರಸ್ತೆ ವಿನ್ಯಾಸದಲ್ಲಿ ಅದನ್ನು ಎರಡೂವರೆ ಸೆಕೆಂಡ್ ಅಂತ ಹಿಡಿಯುತ್ತಾರೆ, 80ರಲ್ಲಿ ಅಷ್ಟರೊಳಗೆ ಇನ್ನೂ 56 ಮೀಟರ್ ದಾಟಿರುತ್ತೀರಿ. ಮುಂದಿನ ಲಾರಿಯಿಂದ ನಾವು ಬಿಡುವ ಅಂತರ ನೆನೆಸಿಕೊಂಡರೆ ನನಗೆ ನಿಜವಾಗಿ ಹೊಟ್ಟೆ ಕಲಸುತ್ತದೆ.

ಇನ್ನೊಂದು ಜಾಗ ಗಮನಿಸಿ. ನೇರ ರಸ್ತೆ ಎರಡು ಕಡೆಗೋ ಹೊರಗಡೆಗೋ ಇಳಿಜಾರಾಗಿರುತ್ತದೆ. ನಮ್ಮಂಥ ಕಡಿಮೆ ಮಳೆಯ ಕಡೆ ಈ ಇಳಿಜಾರು ಶೇ 2, ವರ್ಷಕ್ಕೆ 1000 ಮಿಲಿಮೀಟರ್ ದಾಟುವ ಕಡೆ ಶೇ 2.5. ತಿರುವಿಗೆ ಬಂದಾಗ ಅದು ಒಳಗಡೆಗೆ ವಾಲಬೇಕು. ಒಂದು ಕಡೆಯ ವಾಲು ಇನ್ನೊಂದು ಕಡೆಗೆ ತಿರುಗುವಾಗ ಮಧ್ಯೆ ಎಲ್ಲೋ ಒಂದು ಕಡೆ ರಸ್ತೆ ಚಪ್ಪಟೆ ಆಗಲೇಬೇಕು ಅಲ್ವಾ? ಅಲ್ಲಿ ನೀರು ಹರಿಯದೆ ನಿಲ್ಲುತ್ತದೆ. ತಿರುವಿನ ಸ್ವಲ್ಪ ಮುಂಚೆ ಜಾರುತ್ತಿದ್ದರೆ ಕಾರಣ ಇದೂ ಆಗಿರಬಹುದು. ಮಳೆ ನಿಂತ ಮೇಲೆ ಎಲ್ಲಿ ಕೊನೆಗೆ ಒಣಗುತ್ತದೆ ನೋಡಿ, ಅದೇ ಜಾಗ.

ತಿಪಟೂರು_ಕಾರ್

ಮಧ್ಯೆ ಒಂದು ಮಾತು. ಕಾರಿನವರು ಇದು ಬೈಕಿನವರ ಸಮಸ್ಯೆ ಅಂದುಕೊಳ್ಳಬೇಡಿ. ಬೈಕ್ ಟೈರ್ ಗುಂಡಗಿರುವುದರಿಂದ ನೀರನ್ನು ಸೀಳಿಕೊಂಡು ಹೋಗುತ್ತದೆ. ಕಾರಿನ ಚಪ್ಪಟೆ ಟೈರ್ ನಿಂತ ನೀರಿನ ಮೇಲೆ ತೇಲಿಬಿಡುತ್ತದೆ. ನಾಸಾದವರು ವಿಮಾನದ ಚಕ್ರಗಳಿಗೆ 1960ರ ದಶಕದಲ್ಲಿ ಕೊಟ್ಟ ಸೂತ್ರ ಇದೆ, ಯಾವ ವೇಗಕ್ಕೆ ತೇಲುತ್ತದೆ ಅನ್ನುವುದು ಟೈರಿನಲ್ಲಿರುವ ಗಾಳಿಯ ಒತ್ತಡವನ್ನು ಅವಲಂಬಿಸಿದೆ. 32 ಪಿಎಸ್ಐ ಗಾಳಿಗೆ ಲೆಕ್ಕ ಹಾಕಿದರೆ ಗಂಟೆಗೆ 94 ಕಿಲೋಮೀಟರಿನ ಆಸುಪಾಸು ಬರುತ್ತದೆ. ಟೈರ್ ಸವೆದಿದ್ದರೆ ಅದಕ್ಕೂ ಮೊದಲೇ. ತೇಲಿದಾಗ ಸ್ಟೀರಿಂಗ್ ಹಗುರ ಆಗುತ್ತದೆ, ಬ್ರೇಕ್ ಒತ್ತದೆ ಆಕ್ಸಿಲರೇಟರ್ ನಿಧಾನ ಬಿಡಬೇಕು.

ಅಂದಹಾಗೆ, ಇದನ್ನೆಲ್ಲ ಕಿತ್ತು ಕಾಂಕ್ರೀಟ್ ಹಾಕಿಬಿಟ್ಟರೆ ಸರಿಹೋಗುವುದಿಲ್ವಾ?

ಜಲ್ಲಿ_ಲ್ಯಾಬ್

ಕಾಂಕ್ರೀಟೂ ಸವೆಯುತ್ತದೆ. ಹಾಕುವಾಗ ಅದಕ್ಕೂ ಗೀರು ಎಳೆಯುತ್ತಾರೆ, ಕೆಲವು ವರ್ಷಕ್ಕೆ ಆ ಗೀರು ಹೋಗುತ್ತದೆ. ಡಾಂಬರಿನದ್ದು ಸರಿಪಡಿಸೋಕೆ ಆಗದ ರೋಗ ಅಲ್ಲ, ಕಿತ್ತು ಹಾಕುವ ಅಗತ್ಯ ಇಲ್ಲ. ಡಾಂಬರು ಎದ್ದಿದ್ದರೆ ಬಿಸಿ ಮಾಡಿದ ದಪ್ಪ ಮರಳು ಹರಡಿ ರೋಲರ್ ಹೊಡೆಯುತ್ತಾರೆ, ಜಾಸ್ತಿ ಇದ್ದರೆ ಮೇಲಿನ ಪದರ ಕೆರೆದು ಹೊಸದು ಹಾಕಬೇಕು. ಕಲ್ಲು ಸವೆದಿದ್ದರೆ ಮೈಕ್ರೋಸರ್ಫೇಸಿಂಗ್ ಅಂತ ತೆಳು ಪದರ ಇದೆ, ಒಂದು ಸೆಂಟಿಮೀಟರೂ ದಪ್ಪ ಇರುವುದಿಲ್ಲ, ಕೆಲವೇ ಗಂಟೆಯಲ್ಲಿ ಗಾಡಿ ಬಿಡಬಹುದು. ಹೊರದೇಶಗಳಲ್ಲಿ ಅಪಾಯದ ತಿರುವಿಗೆ, ಕ್ರಾಸಿಂಗಿನ ಮುಂಚಿನ ಜಾಗಕ್ಕೆ ಸುಟ್ಟ ಬಾಕ್ಸೈಟ್ ಹರಳು ಅಂಟಿಸುತ್ತಾರೆ, ಅದರ ಪಾಲಿಶ್ ಮೌಲ್ಯ 70 ದಾಟುತ್ತದೆ. ದುಬಾರಿ ನಿಜ, ಆದರೆ ಇಡೀ ಹೈವೇಗೆ ಬೇಕಾಗಿಲ್ಲ, ಆ ಒಂದು ತಿರುವಿಗೆ ಸಾಕು. ಮಾಡಬಾರದ ಕೆಲಸ ಅಂದರೆ ಅದೇ ಕ್ವಾರಿಯ ಅದೇ ಕಲ್ಲಿನಿಂದ ಅದರ ಮೇಲೇ ಇನ್ನೊಂದು ಪದರ ಹಾಕಿ "ಸರಿ ಮಾಡಿದೆವು" ಅನ್ನುವುದು. ಹೊಸದು ಕಂಡು ಜನ ಖುಷಿಪಡುತ್ತಾರೆ, ಸ್ವಲ್ಪ ಕಾಲಕ್ಕೆ ಮತ್ತೆ ಅದೇ ಕಥೆ.

ಲೋಡ್_ಕೋಲಾರ

ಬಿಳಿ ಪಟ್ಟಿ ಮರೆತೇ ಹೋಗಿತ್ತು. ಲೇನಿನ ಗೆರೆ, ಜೀಬ್ರಾ, ಬಾಣದ ಗುರುತು, ಇವೆಲ್ಲ ದಪ್ಪ ಬಣ್ಣ, ಒದ್ದೆಯಾದರೆ ಡಾಂಬರಿಗಿಂತ ಜಾಸ್ತಿ ಜಾರುತ್ತದೆ. ಮಳೆಯಲ್ಲಿ ಬೈಕಿನವರು ಗೆರೆ ಮೇಲೆ ವಾಲಬೇಡಿ.

ಸಿದ್ಧರಬೆಟ್ಟ_ರೈಡರ್

ಇವತ್ತು ಊಟದ ಬಿಡುವಿನಲ್ಲಿ ಹೋಗಿ ಅಂಚಿನಿಂದ ನೋಡಿದೆ. ಕಲ್ಲು ಕಾಣುವುದಿಲ್ಲ, ಕಪ್ಪು ಪಟ್ಟಿ, ಲಾರಿ ಟೈರಿನ ಅಚ್ಚು ಬಿದ್ದಿದೆ. ಬಿಳಿ ಗೆರೆಯ ಆಚೆ ಅಂಚಿನಲ್ಲಿ ಬೆರಳಿಗೆ ತರಿ ಸಿಗುತ್ತದೆ. ಪಟ್ಟಿ ತಿರುವಿನ ಉದ್ದಕ್ಕೂ ಇದೆ, ಎಡ ಲೇನಿನಲ್ಲೇ ಜಾಸ್ತಿ. ಈಗ ದೂರಿನಲ್ಲಿ ಏನು ಬರೆಯಲಿ?

ಜಲ್ಲಿ_ಲ್ಯಾಬ್

ಹಾಗಾದರೆ ಬ್ಲೀಡಿಂಗ್. ಹೆದ್ದಾರಿ ಸಹಾಯವಾಣಿ 1033ಕ್ಕೆ ಹೇಳಿ, ಬರಹದಲ್ಲೂ ಕೊಡಿ. "ರಸ್ತೆ ಜಾರುತ್ತದೆ" ಅಂತ ಮಾತ್ರ ಬರೆದರೆ ಅದೇ ಹಳೇ ಉತ್ತರ ಬರುತ್ತದೆ. ಹೀಗೆ ಬರೆಯಿರಿ: ಚಕ್ರದ ಪಟ್ಟಿಯಲ್ಲಿ ಬಿಟುಮಿನ್ ಬ್ಲೀಡಿಂಗ್ ಆಗಿದೆ, ಮೇಲ್ಮೈ ಒರಟುತನ ಮುಚ್ಚಿಹೋಗಿದೆ, ಒದ್ದೆಯಾದಾಗ ಗಾಡಿ ಜಾರಿ ಬೀಳುತ್ತಿವೆ, ಪೆಂಡುಲಂ ಪರೀಕ್ಷೆ ಮತ್ತು ಮರಳಿನ ಪರೀಕ್ಷೆ ಮಾಡಿಸಿ ಫಲಿತಾಂಶ ತಿಳಿಸಿ. ಪೆಂಡುಲಂ ಅಂದರೆ ತುದಿಗೆ ರಬ್ಬರ್ ಕಟ್ಟಿದ ತೋಳು, ರಸ್ತೆಗೆ ನೀರು ಹಾಕಿ ಬೀಸಿ ಬಿಡುತ್ತಾರೆ, ರಸ್ತೆಯನ್ನು ಉಜ್ಜಿಕೊಂಡು ಹೋದ ಮೇಲೆ ಎಷ್ಟು ಎತ್ತರ ಏರಿತು ಅಂತ ಮುಳ್ಳು ತೋರಿಸುತ್ತದೆ. ಕಡಿಮೆ ಏರಿದರೆ ರಸ್ತೆ ಹಿಡಿದಿದೆ ಅಂತ, ಆಗ ಮುಳ್ಳು ತೋರಿಸುವ ಅಂಕಿ ಜಾಸ್ತಿ ಇರುತ್ತದೆ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯ 1969ರ ರೋಡ್ ನೋಟ್ 27ರಲ್ಲಿ ಕೊಟ್ಟ ಅಂಕಿಗಳನ್ನು ಇವತ್ತಿಗೂ ಹಿಡಿದು ಹೋಲಿಸುತ್ತಾರೆ. ಅದರಲ್ಲಿ ಕಷ್ಟದ ತಿರುವಿಗೆ ಕನಿಷ್ಠ 65, ಓಡಾಟ ಜಾಸ್ತಿ ಇರುವ ರಸ್ತೆಗೆ 55, ಉಳಿದದ್ದಕ್ಕೆ 45.

ದುರಸ್ತಿ ಆಗುವ ತನಕ ಜಾರುವ ರಸ್ತೆಯ ಎಚ್ಚರಿಕೆ ಫಲಕ ಮತ್ತು ವೇಗ ಮಿತಿ ಹಾಕಿ ಅಂತಲೂ ಕೇಳಿ, ಅದಕ್ಕೆ ಟೆಂಡರ್ ಕಾಯಬೇಕಾಗಿಲ್ಲ. ಬಿದ್ದ ಹುಡುಗನ ಆಸ್ಪತ್ರೆ ಚೀಟಿ ಇದ್ದರೆ ಪ್ರತಿ ಲಗತ್ತಿಸಿ. ಫೋಟೋ ಮಧ್ಯಾಹ್ನ ತೆಗೆಯಿರಿ, ಸೂರ್ಯನಿಗೆ ಎದುರಾಗಿ, ಆಗ ಹೊಳಪು ಸರಿಯಾಗಿ ಬರುತ್ತದೆ. ಕಿಲೋಮೀಟರ್ ಕಲ್ಲಿನ ಸಂಖ್ಯೆ, ಬೆಂಗಳೂರಿನ ಕಡೆ ಹೋಗುವ ಬದಿಯೋ ಸಿರಾ ಕಡೆಯದೋ, ಎಷ್ಟನೇ ಲೇನ್, ಈ ಮೂರೂ ಇರಲೇಬೇಕು. ಇಲ್ಲದಿದ್ದರೆ ನೋಡೋಕೆ ಬಂದವರು ಎದುರಿನ ಬದಿ ನೋಡಿ, ಎಲ್ಲಾ ಸರಿ ಇದೆ ಅಂತ ಬರೆದು ಹೋಗುತ್ತಾರೆ.